ಉಣ್ಣುವ ಹೊತ್ತು ಯಾರ ಸ್ವತ್ತು?

ಇತ್ತೀಚೆಗೆ ಒಂದು ಉಪದೇಶ ಎಲ್ಲ ಕಡೆ ಕೇಳಿಬರುತ್ತಿದೆ. ಅವಸರದ ಬದುಕು ಬಿಡಿ, ಮನೆಯಲ್ಲೇ ಅಡಿಗೆ ಮಾಡಿಕೊಳ್ಳಿ, ನೆಲಕ್ಕೆ ಕೂತು ನಿಧಾನವಾಗಿ ಅಗಿದು ಉಣ್ಣಿ ಎಂದು ಡಾಕ್ಟರು ಹೇಳುತ್ತಾರೆ, ಸ್ವಾಮಿಗಳು ಹೇಳುತ್ತಾರೆ, ಪತ್ರಿಕೆಗಳ ಪುರವಣಿಗಳು ಬಣ್ಣದ ಚಿತ್ರ ಹಾಕಿ ಹೇಳುತ್ತವೆ. ಮಾತು ಕೆಟ್ಟದ್ದೇನಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮ್ಮ ಅವ್ವಂದಿರಿಗೂ ಗೊತ್ತು. ಆದರೆ ಊಟ ಬಲ್ಲವರಾಗಬೇಕಾದರೆ ಮೊದಲು ಉಣ್ಣುವ ಹೊತ್ತು ಕೈಯಲ್ಲಿರಬೇಕಲ್ಲ? ಆ ಹೊತ್ತು ಯಾರ ಕೈಯಲ್ಲಿತ್ತು, ಯಾರು ಕಸಿದರು, ಅದರಲ್ಲಿ ಅರ್ಧ ಗಂಟೆಯನ್ನಾದರೂ ವಾಪಸು ತಂದವರು ಯಾರು? ಇದನ್ನು ಕೇಳದೆ 'ನಿಧಾನವಾಗಿ ಉಣ್ಣಿ' ಎನ್ನುವುದು ಕಾಲಿಗೆ ಕೋಳ ಹಾಕಿ 'ನಡೀರಿ, ನಡಿಗೆ ಒಳ್ಳೇದು' ಎಂದ ಹಾಗೆ.

ನಾವು ಈ ಪ್ರಶ್ನೆಯನ್ನು ಸಂಡೂರು ತಾಲೂಕಿನ ಯಶವಂತನಗರದ ಕಡೆಯಿಂದ ಕೇಳುತ್ತಿದ್ದೇವೆ. ಈ ಸೀಮೆಯಲ್ಲಿ ಚರಿತ್ರೆಗೇನೂ ಬಡತನವಿಲ್ಲ. ಅತ್ತ ಹಂಪಿ, ಇತ್ತ ಕುಮಾರಸ್ವಾಮಿ ಗುಡಿ, ನಡುವೆ ಘೋರ್ಪಡೆ ಸಂಸ್ಥಾನ. ಕಲ್ಲು ಕಲ್ಲಿಗೂ ಬೋರ್ಡು ಹಾಕಿದ್ದಾರೆ. ಆ ಕಲ್ಲು ಹೊತ್ತವರು ಯಾವಾಗ ಉಂಡರು ಅನ್ನುವುದಕ್ಕೆ ಮಾತ್ರ ಬೋರ್ಡಿಲ್ಲ.

ಇರುವೆಗಳ ಹಾಗೆ ಕಂಡವರು

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯನ ಕಾಲ. ಅಕ್ಕಿ, ಗೋಧಿ, ಜೋಳ, ಬೇಳೆಕಾಳು ರಾಶಿ ಬಿದ್ದಿದ್ದ ಪೇಟೆಯನ್ನು ನೋಡಿ, ಲೋಕದಲ್ಲೇ ಇಷ್ಟು ತುಂಬಿದ ಊರು ಮತ್ತೊಂದಿಲ್ಲ ಎಂಬ ಅರ್ಥದಲ್ಲಿ ಬರೆದ. ಈ ಮಾತನ್ನು ನಮ್ಮ ಪಠ್ಯಪುಸ್ತಕಗಳು ಎದೆಯುಬ್ಬಿಸಿ ಹೇಳುತ್ತವೆ. ಅದೇ ಪಯಸ್ ಇನ್ನೊಂದನ್ನೂ ಬರೆದಿದ್ದಾನೆ. ಎರಡು ಗುಡ್ಡಗಳ ನಡುವೆ ರಾಯ ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹೊಸಪೇಟೆಯಿಂದ ಸಂಡೂರಿಗೆ ಬರುವ ದಾರಿಯ ರಾಯರಕೆರೆಯೇ ಅದು ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ಹದಿನೈದು-ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರಂತೆ, ನೆಲ ಕಾಣದ ಹಾಗೆ, ಇರುವೆಗಳ ಹಾಗೆ. ಕೆರೆ ಒಡೆಯುತ್ತಲೇ ಇದ್ದದ್ದಕ್ಕೆ ಪುರೋಹಿತರ ಮಾತಿನಂತೆ ಅರವತ್ತು ಮನುಷ್ಯರನ್ನೂ ಕುದುರೆ, ಕೋಣಗಳನ್ನೂ ಬಲಿಗೊಟ್ಟರು ಎಂದೂ ಬರೆದಿದ್ದಾನೆ.

ಪೇಟೆಯ ಕಾಳಿನ ರಾಶಿಯನ್ನು ಕಂಡ ಕಣ್ಣಿಗೆ ಕೆರೆಯ ಏರಿಯ ಮೇಲೆ ಮಣ್ಣು ಹೊತ್ತವರು ಇರುವೆಗಳಾಗಿ ಕಂಡರು. ಇರುವೆಗೆ ಊಟದ ಹೊತ್ತು ಅಂತ ಎಲ್ಲಿರುತ್ತದೆ? ರಾಜರ ಚರಿತ್ರೆ ಬರೆಯುವವರ ಕಣ್ಣು ಇವತ್ತಿಗೂ ಅದೇ. ನವರಾತ್ರಿಯ ವೈಭವಕ್ಕೆ ಹತ್ತು ಪುಟ, ಬುಟ್ಟಿ ಹೊತ್ತವರ ಬುತ್ತಿಗೆ ಒಂದು ಸಾಲೂ ಇಲ್ಲ.

ಬುತ್ತಿ ಮತ್ತು ಹಿತ್ತಲ ಬಾಗಿಲು

ಊರೊಳಗಿನ ಚರಿತ್ರೆಗೆ ಬನ್ನಿ. ಹಳೆಯ ಕಾಲದಲ್ಲಿ ಎಲ್ಲರೂ ನಿಧಾನವಾಗಿ ಉಣ್ಣುತ್ತಿದ್ದರು, ಕೂಡಿ ಉಣ್ಣುತ್ತಿದ್ದರು, ಈಗ ಎಲ್ಲಾ ಕೆಟ್ಟಿತು ಅನ್ನುವವರುಂಟು. 'ಎಲ್ಲರೂ' ಅಂದರೆ ಯಾರು ಸ್ವಾಮೀ? ಪಂಕ್ತಿಯಲ್ಲಿ ಕೂತವರು ನಿಧಾನವಾಗಿಯೇ ಉಂಡರು. ಪಂಕ್ತಿ ಎದ್ದ ಮೇಲೆ ಎಲೆ ತೆಗೆದವರು, ಹಿತ್ತಲ ಬಾಗಿಲಲ್ಲಿ ನಿಂತು ಮೇಲಿನಿಂದ ಹಾಕಿಸಿಕೊಂಡವರು ಆ 'ಎಲ್ಲರೂ' ಅನ್ನುವುದರಲ್ಲಿ ಇಲ್ಲ.

ಜೀತದಾಳಿನ ದಿನ ದಣಿಯ ಕೊಟ್ಟಿಗೆಯಲ್ಲಿ ಹುಟ್ಟಿ ದಣಿಯ ಕೊಟ್ಟಿಗೆಯಲ್ಲೇ ಮುಳುಗುತ್ತಿತ್ತು. ಅವನು ಯಾವಾಗ ಉಣ್ಣಬೇಕು ಎಂಬುದನ್ನು ಅವನ ಹೊಟ್ಟೆ ಹೇಳುತ್ತಿರಲಿಲ್ಲ, ಎತ್ತುಗಳು ಹೇಳುತ್ತಿದ್ದವು. ಎತ್ತಿಗೆ ಮೇವು-ನೀರು ಆದ ಮೇಲೆ ಅವನದು. ಕೂಲಿಯ ಹೆಣ್ಣುಮಗಳು ಹೊಲದಿಂದ ಬರುವಾಗ ದಾರಿಯಲ್ಲಿ ಸೌದೆ ಆಯಬೇಕು, ಕೇರಿಯವರಿಗೆ ಬಿಟ್ಟ ನೀರಿನ ಜಾಗಕ್ಕೆ ಹೋಗಿ ಕೊಡ ತುಂಬಬೇಕು, ಕೂಲಿಯಾಗಿ ಬಂದ ಜೋಳವನ್ನು ಹಸನು ಮಾಡಿ ಬೀಸಬೇಕು, ಆಮೇಲೆ ರೊಟ್ಟಿ ಬಡಿಯಬೇಕು. ಬೀಸುವ ಪದಗಳನ್ನು ಕೇಳಿ 'ಆಹಾ ಜಾನಪದ' ಅನ್ನುವ ಮೇಷ್ಟ್ರುಗಳು ಒಂದು ಮಾತು ನೆನಪಿಡಬೇಕು. ಆ ಹಾಡು ನಿದ್ದೆ ಕಟ್ಟಿ ಹುಟ್ಟಿದ್ದು. ಹಗಲೆಲ್ಲ ಬೇರೆಯವರಿಗೆ ಮಾರಿದ ಮೇಲೆ ಉಳಿದದ್ದು ರಾತ್ರಿಯ ಕೊನೆಯ ಜಾವವೊಂದೇ. ಅದನ್ನೂ ಕಲ್ಲು ತಿಂದಿತು.

ಹಾಗಂತ ಆ ಊಟದಲ್ಲಿ ರುಚಿ ಇರಲಿಲ್ಲವೇ? ಇತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ, ನವಣೆ ಅನ್ನ, ಬೇಸಿಗೆಗೆ ಅಂಬಲಿ. ಇವು ನಮ್ಮ ಜನರ ಬುದ್ಧಿ, ನಮ್ಮ ಜನರ ವಿದ್ಯೆ. ಮಳೆ ಕಡಿಮೆ ಬೀಳುವ ಈ ನೆಲದಲ್ಲಿ ಯಾವುದು ಬೆಳೆಯುತ್ತದೆ, ಯಾವುದು ಹೊಟ್ಟೆಯಲ್ಲಿ ನಿಲ್ಲುತ್ತದೆ, ಯಾವುದು ಮೂರು ದಿನ ಕೆಡದೆ ಬುತ್ತಿಯಲ್ಲಿರುತ್ತದೆ ಎಂದು ಕಂಡುಕೊಂಡವರು ಅವರು. ಕಟಕಲು ರೊಟ್ಟಿ ಹುಟ್ಟಿದ್ದೇ ಹೊತ್ತಿಲ್ಲದ ಹೆಂಗಸಿನ ಕೈಯಲ್ಲಿ. ಒಮ್ಮೆ ಬಡಿದಿಟ್ಟರೆ ವಾರವೆಲ್ಲ ಆದೀತು ಎಂಬ ಲೆಕ್ಕ ಅದು. ಇವತ್ತು ಅದನ್ನು ಪೊಟ್ಟಣ ಕಟ್ಟಿ ಪಟ್ಟಣದಲ್ಲಿ ಮಾರುತ್ತಾರೆ. ಆ ಲೆಕ್ಕ ಮಾಡಿದವಳ ಹೆಸರು ಪೊಟ್ಟಣದ ಮೇಲಿಲ್ಲ.

1876ರಿಂದ 1878ರವರೆಗೆ ಬರ ಬಂತು. ಮದರಾಸು ಪ್ರಾಂತದಲ್ಲಿ ಅತಿ ಹೆಚ್ಚು ಸತ್ತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸರಕಾರ ಪರಿಹಾರದ ಕೆಲಸ ತೆಗೆಯಿತು. ಕಲ್ಲು ಒಡೆದರೆ, ಮಣ್ಣು ಹೊತ್ತರೆ ಕೂಲಿ. ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡು ಕಾಳು, ಮೇಲೊಂದು ಆಣೆ ಸಾಕು ಎಂದು ನಿಗದಿ ಮಾಡಿದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಮನುಷ್ಯನನ್ನು ಉಳಿಸುವ ಅಳತೆಯಲ್ಲ ಎಂದು ವಾದಿಸಿದ. ಕೆಲಸದ ಅಳತೆ, ಕಾಳಿನ ಅಳತೆ ಎರಡನ್ನೂ ಸರಕಾರ ಕಾಗದದ ಮೇಲೆ ಬರೆಯಿತು. ಉಣ್ಣುವವನ ಮುಖ ಮಾತ್ರ ಆ ಕಾಗದದಲ್ಲಿ ಕಾಣಲಿಲ್ಲ.

ಅರ್ಧ ಗಂಟೆಯ ಹೋರಾಟ

ಇದೇ ಹೊತ್ತಿಗೆ ಮುಂಬಯಿಯಲ್ಲಿ ಗಿರಣಿಗಳು ಎದ್ದಿದ್ದವು. ಸೂರ್ಯ ಹುಟ್ಟಿದಾಗ ಒಳಗೆ ಹೋದರೆ ಸೂರ್ಯ ಮುಳುಗಿದ ಮೇಲೆ ಹೊರಗೆ. ನಡುವೆ ಉಣ್ಣಾಕ ಬಿಡುವು ಅಂತ ಕಾಯಿದೆಯಲ್ಲಿ ಇರಲಿಲ್ಲ. 1881ರ ಮೊದಲ ಕಾರ್ಖಾನೆ ಕಾಯ್ದೆ ನೋಡಿದ್ದು ಮಕ್ಕಳನ್ನು ಮಾತ್ರ. ದೊಡ್ಡವರು ಯಂತ್ರದ ಪಕ್ಕದಲ್ಲೇ ತಿನ್ನಬೇಕು, ಹತ್ತಿಯ ಧೂಳಿನ ಜೊತೆ ನುಂಗಬೇಕು.

ಆಗ ಎದ್ದು ನಿಂತವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಸಂಗಾತಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರಲ್ಲಿ ಗಿರಣಿ ಕೂಲಿಗಾರರ ಸಭೆ ಸೇರಿಸಿ ಬೇಡಿಕೆ ಮುಂದಿಟ್ಟರು. ವಾರಕ್ಕೊಂದು ದಿನ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು. ನೋಡಿ, ಎಷ್ಟು ಸಣ್ಣ ಬೇಡಿಕೆ! ಅರಮನೆ ಕೇಳಲಿಲ್ಲ, ಅರ್ಧ ಗಂಟೆ ಕೇಳಿದರು. ಅದಕ್ಕೂ ವರ್ಷಗಳು ಬೇಕಾದವು. 1890ರ ಜೂನ್ 10ರಂದು ಮುಂಬಯಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯ್ದೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ಅರ್ಧ ಗಂಟೆ ಕೆಲಸ ನಿಲ್ಲಿಸಬೇಕು ಎಂದು ಬಂತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿ ಮಾಲೀಕರೂ ಈ ಕಾಯ್ದೆಗೆ ಒತ್ತಾಯಿಸಿದ್ದರು. ನಮ್ಮವರ ಮೇಲಿನ ಪ್ರೀತಿಗಲ್ಲ, ಮುಂಬಯಿಯ ಅಗ್ಗದ ನೂಲು ತಮ್ಮ ಲಾಭ ತಿನ್ನುತ್ತದೆ ಎಂಬ ಹೊಟ್ಟೆಯುರಿಗೆ. ಆದರೂ ಕೂಲಿಗಾರರ ಬಾಯಿಂದ ಆ ಮಾತು ಮೊದಲು ಹೊರಡಿಸಿದ್ದು ಫುಲೆ ಪರಂಪರೆ. ಇವತ್ತು ಭಾನುವಾರ ಮನೆಯಲ್ಲಿ ಕೂತು ಬಿಸಿ ಉಣ್ಣುವ ಎಲ್ಲ ಜಾತಿಯ ನೌಕರರೂ ಆ ಋಣದಲ್ಲಿದ್ದಾರೆ. ಎಷ್ಟು ಜನರಿಗೆ ಗೊತ್ತು?

ಆಮೇಲಿನದು ಗಂಟೆ ಗಂಟೆಗೂ ಎಳೆದಾಡಿದ ಕಥೆ. 1886ರಲ್ಲಿ ಚಿಕಾಗೋದ ಕೂಲಿಗಾರರು ಎಂಟು ಗಂಟೆಯ ದಿನಕ್ಕಾಗಿ ರಕ್ತ ಕೊಟ್ಟರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊದಲ ಒಪ್ಪಂದದಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಆದರೆ ಅದರಲ್ಲೇ ಇಂಡಿಯಾಕ್ಕೆ ಬೇರೆ ಕಲಮು, ವಾರಕ್ಕೆ 60 ಗಂಟೆ! ಬಿಳಿಯರ ಹೊಟ್ಟೆಗೆ ಒಂದು ಗಡಿಯಾರ, ನಮ್ಮ ಹೊಟ್ಟೆಗೆ ಇನ್ನೊಂದು. 1922ರ ಕಾಯ್ದೆ ಅದೇ ಅರವತ್ತನ್ನು ಬರೆಯಿತು. 1934ರಲ್ಲಿ 54 ಆಯಿತು. 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ಅದನ್ನು ಸಭೆಯ ಮುಂದೆ ತಂದವರು ಆಗ ವೈಸ್‌ರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬ ಅಂಬೇಡ್ಕರರು. ಅವರನ್ನು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ಮಾತ್ರ ನೋಡುವವರು ಇದನ್ನು ತಿಳಿಯಬೇಕು. ಆ ಕೈ ದುಡಿಯುವವರ ಮನೆಯ ಒಲೆಯ ಮುಂದೆ ಒಂದಿಷ್ಟು ಹೊತ್ತನ್ನೂ ತಂದಿಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಲೇಬೇಕೆಂದಿತು. 250ಕ್ಕಿಂತ ಹೆಚ್ಚು ಕೂಲಿಗಾರರಿದ್ದಲ್ಲಿ ಕ್ಯಾಂಟೀನು ತೆರೆಯುವ ಕಲಮು ಇಟ್ಟಿತು. 1952ರ ಗಣಿ ಕಾಯ್ದೆ ಮೇಲ್ಮೈ ಗಣಿಗಳಿಗೂ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ಅದೇ ಅರ್ಧ ಗಂಟೆ ಬಿಡುವು ಎಂದು ಬರೆಯಿತು.

ಸಂಡೂರಿನ ಕೆಂಪು ರೊಟ್ಟಿ

ಈಗ ನಮ್ಮ ಗುಡ್ಡಗಳಿಗೆ ಬರೋಣ. ಸಂಡೂರಿನ ಮ್ಯಾಂಗನೀಸ್ ಅದಿರಿಗೆ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಪರದೇಶದ ಕಂಪನಿ ಕೈ ಹಾಕಿತ್ತು. ಸಂಡೂರು ಆಗ ದೇಶೀ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಕಾಯ್ದೆ ಸಂಸ್ಥಾನದ ಗಡಿಯಲ್ಲಿ ನಿಲ್ಲುತ್ತಿತ್ತು, ಅದಿರು ಮಾತ್ರ ನಿಲ್ಲದೆ ಗಡಿ ದಾಟಿ ಬಂದರಿಗೆ ಹೋಗುತ್ತಿತ್ತು. 1949ರಲ್ಲಿ ಸಂಸ್ಥಾನ ಮದರಾಸು ಪ್ರಾಂತಕ್ಕೆ ಸೇರಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು. 1977ರಲ್ಲಿ ದೋಣಿಮಲೈಯಲ್ಲಿ ಸರಕಾರದ ಎನ್‌ಎಂಡಿಸಿ ಗಣಿ ಶುರುವಾಯಿತು. ಹೊಸಪೇಟೆಯಿಂದ ಯಶವಂತನಗರ ದಾಟಿ ಸ್ವಾಮಿಹಳ್ಳಿವರೆಗೆ ರೈಲು ಹಳಿ ಹಾಸಿದ್ದರಲ್ಲ, ಅದು ನಮ್ಮನ್ನು ಹಂಪಿ ತೋರಿಸಲು ಹಾಸಿದ್ದಲ್ಲ. ಅದಿರು ಸಾಗಿಸಲು.

ಕಾಯ್ದೆಯಲ್ಲಿ ಅರ್ಧ ಗಂಟೆ ಬಂತು, ಆಯಿತು. ಕೈಗೆ ಬಂತೇ? ಇಲ್ಲೊಂದು ಸೂಕ್ಷ್ಮ ಇದೆ, ಕಾರ್ಯಕರ್ತರು ಗಮನಿಸಬೇಕು. ಅದಿರು ಒಡೆಯುವ, ಜರಡಿ ಹಿಡಿಯುವ, ಆರಿಸುವ, ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವ ಕೆಲಸಕ್ಕೆ ಬಂದವರು ಹೆಚ್ಚಾಗಿ ನಮ್ಮ ಕೇರಿಗಳವರು, ತಾಂಡಾಗಳವರು, ಅದರಲ್ಲೂ ಹೆಂಗಸರು. ಅವರದು ದಿನಗೂಲಿಗಿಂತ ಹೆಚ್ಚಾಗಿ ಟನ್ನಿನ ಲೆಕ್ಕ, ಲೋಡಿನ ಲೆಕ್ಕ. ದಿನಗೂಲಿಯವನ ಊಟದ ಹೊತ್ತನ್ನು ಕಸಿಯಲು ಮೇಸ್ತ್ರಿ ಬೇಕು. ಲೋಡಿನ ಲೆಕ್ಕದವರ ಹೊತ್ತನ್ನು ಕಸಿಯಲು ಯಾರೂ ಬೇಡ. ಅವರ ಹಸಿವೇ ಅವರ ಮೇಸ್ತ್ರಿ. ಕೂತು ಉಂಡರೆ ಒಂದು ಬುಟ್ಟಿ ಕಡಿಮೆ, ಒಂದು ಬುಟ್ಟಿ ಕಡಿಮೆಯಾದರೆ ನಾಳೆ ಹಿಟ್ಟು ಕಡಿಮೆ. ಹೀಗೆ ತನ್ನ ಬಾಯಿಯ ತುತ್ತನ್ನು ತಾನೇ ಕದಿಯುವಂತೆ ಮಾಡುವ ಜಾಣತನ ಬಂಡವಾಳದ್ದು. ನಿಂತಲ್ಲೇ ಬುತ್ತಿ ಬಿಚ್ಚಿ, ಕೆಂಪು ಧೂಳು ಕೂತ ರೊಟ್ಟಿಯನ್ನು ಒದರಿ ತಿಂದು, ನೀರು ಕುಡಿದು, ಮತ್ತೆ ಬುಟ್ಟಿ. 'ನಿಧಾನಕ್ಕ ಉಣ್ಣವ್ವಾ' ಅಂದರೆ 'ನಿಧಾನ ಮಾಡಿದ್ರ ಲಾರಿ ಹೋಗ್ತೈತಪ್ಪ' ಅನ್ನುವುದೇ ಉತ್ತರ.

1973ರಲ್ಲಿ ಸಂಡೂರಿನ ರೈತರು ಭೂಮಿಗಾಗಿ ಎದ್ದರು. ಅದನ್ನು ನಾವು ಊಟದ ಚರಿತ್ರೆಯಲ್ಲೂ ಓದಬೇಕು. ಸ್ವಂತ ನೆಲದಲ್ಲಿ ದುಡಿಯುವವನ ಬೆನ್ನಿಗೂ ಬಿಸಿಲು ಹೊಡೆಯುತ್ತದೆ. ಆದರೆ ಯಾವಾಗ ನೊಗ ಇಳಿಸಬೇಕು, ಯಾವ ಮರದ ನೆರಳಲ್ಲಿ ಬುತ್ತಿ ಬಿಚ್ಚಬೇಕು ಎಂದು ಅವನೇ ತೀರ್ಮಾನಿಸುತ್ತಾನೆ. ಭೂಮಿ ಅಂದರೆ ಕಾಳು ಮಾತ್ರವಲ್ಲ, ಹೊತ್ತೂ ಹೌದು. 1976ರ ಜೀತ ನಿರ್ಮೂಲನ ಕಾಯ್ದೆಯೂ ಹಾಗೆಯೇ. ಅದು ಸಾಲ ಹರಿದಷ್ಟೇ ಅಲ್ಲ, ದಣಿಯ ಕೊಟ್ಟಿಗೆಯಲ್ಲಿ ಒತ್ತೆ ಬಿದ್ದಿದ್ದ ಹಗಲನ್ನೂ ಬಿಡಿಸಲು ಬಂದದ್ದು.

ಹೊತ್ತು ಸಿಕ್ಕಿತು, ಹಿಟ್ಟು ಸಿಗಲಿಲ್ಲ

2003ರಿಂದ ಮುಂದಕ್ಕೆ ಚೀನಾಕ್ಕೆ ಕಬ್ಬಿಣದ ಅದಿರು ಬೇಕಾಯಿತು. ನಮ್ಮ ಸೀಮೆಗೆ ಹುಚ್ಚು ಹಿಡಿಯಿತು. ಜೋಳ, ಶೇಂಗಾ ಬೆಳೆದ ಪಟ್ಟಾ ಹೊಲಗಳನ್ನೂ ಅಗೆದು ಅದಿರು ಆರಿಸಿದರು. ರಾತ್ರಿ ಹಗಲು ಲಾರಿ. ಡ್ರೈವರು, ಕ್ಲೀನರು, ಲೋಡಿಂಗ್ ಹುಡುಗರು ಸ್ಟೇರಿಂಗಿನ ಮುಂದೆಯೇ ಉಂಡರು. ರಸ್ತೆ ಬದಿಯ ಒಗ್ಗರಣೆ-ಮಿರ್ಚಿಯೇ ಎರಡು ಹೊತ್ತಿನ ಊಟವಾಯಿತು. ಒಗ್ಗರಣೆ ಮಂಡಕ್ಕಿಯನ್ನು ನಾವು ಹಳಿಯುತ್ತಿಲ್ಲ, ಅದು ನಮ್ಮ ಸೀಮೆಯ ಪ್ರೀತಿಯ ತಿಂಡಿ. ಆದರೆ ಹದಿನೆಂಟರ ಹುಡುಗ ಮನೆಯ ತಟ್ಟೆಯ ಮುಂದೆ ಕೂರದೆ ವಾರಗಟ್ಟಲೆ ಅದರಲ್ಲೇ ದಿನ ದೂಡಿದನಲ್ಲ, ಆ ಲೆಕ್ಕ ಯಾವ ರಫ್ತಿನ ಪಟ್ಟಿಯಲ್ಲೂ ಇಲ್ಲ. ಬೆಳೆಯ ಮೇಲೆ ಕೆಂಪು ಧೂಳು ಕೂತಿತು. ಗಣಿ ಧಣಿಗಳ ಮನೆಯ ಮದುವೆಯೂಟ ದೇಶಕ್ಕೆಲ್ಲ ಸುದ್ದಿಯಾಯಿತು.

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲೂಟಿ ನಿಲ್ಲಬೇಕಿತ್ತು, ನಿಂತದ್ದು ಸರಿಯೇ. ಆದರೆ ಲೂಟಿ ಮಾಡಿದವರ ಒಲೆ ಆರಲಿಲ್ಲ, ಬುಟ್ಟಿ ಹೊತ್ತವರ ಒಲೆ ಆರಿತು. ಈಗ ಕೂಲಿಗಾರರಿಗೆ ಹೊತ್ತೇ ಹೊತ್ತು! ಬೆಳಗಿನಿಂದ ಬೈಗಿನವರೆಗೆ ಕಟ್ಟೆಯ ಮೇಲೆ ಕೂರಬಹುದು. ನಿಧಾನವಾಗಿ ಉಣ್ಣಲು ಯಾರ ಅಡ್ಡಿಯೂ ಇಲ್ಲ. ಉಣ್ಣಾಕ ಏನಿತ್ತು? ಅಗೆದ ಹೊಲದಲ್ಲಿ ಜೋಳ ಬೆಳೆಯಲಿಲ್ಲ. ಜನ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು, ಕಟ್ಟಡ ಕಟ್ಟಲು ದೂರದ ಊರುಗಳಿಗೆ ಹೋದರು. ಮುಂದೆ ಗಣಿಗಳು ಒಂದೊಂದಾಗಿ ತೆರೆದವು. ಅಷ್ಟರಲ್ಲಿ ಕೈಕೆಲಸದ ಜಾಗಕ್ಕೆ ಯಂತ್ರಗಳು ಬಂದಿದ್ದವು.

ಈ ಚರಿತ್ರೆ ನಮಗೆ ಕಲಿಸುವ ಪಾಠ ಒಂದೇ. ಕೂಲಿ ಇದ್ದು ಹೊತ್ತಿಲ್ಲದಿದ್ದರೆ ಅದು ದುಡಿತದ ಸಾವು. ಹೊತ್ತಿದ್ದು ಕೂಲಿ ಇಲ್ಲದಿದ್ದರೆ ಅದು ಹಸಿವಿನ ಸಾವು. ಎರಡೂ ಒಟ್ಟಿಗೆ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವ ಯಾವ ಯೋಜನೆಯನ್ನೂ ನಾವು ನಂಬಬಾರದು.

ಒಲೆಯ ಮುಂದೆ ಯಾರು?

ಇನ್ನೊಂದು ಮಾತು. ಇದು ಹೊರಗಿನ ದಣಿಗಳಿಗೆ ಹೇಳುವುದಲ್ಲ, ನಮ್ಮ ಸಂಘಟನೆಗಳ ಗಂಡಸರಿಗೆ ಹೇಳುವುದು. ಎಂಟು ಗಂಟೆಯ ಕಾಯ್ದೆ ಗೇಟಿನ ಹೊರಗೆ ಮುಗಿಯುತ್ತದೆ. ಗೇಟು ದಾಟಿ ಮನೆಗೆ ಬಂದ ಹೆಂಗಸಿಗೆ ಎರಡನೆಯ ಪಾಳಿ ಶುರು. 2019ರಲ್ಲಿ ಕೇಂದ್ರ ಸರಕಾರವೇ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಇದನ್ನು ಲೆಕ್ಕದಲ್ಲಿ ಹಿಡಿಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ಕಾಲು ಭಾಗ. ಹಾಕಿದವರೂ ಕೊಡುವುದು 97 ನಿಮಿಷ. 299 ನಿಮಿಷ ಅಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ.

ಹಾಗಾದರೆ 'ಮನೆಯಲ್ಲೇ ಅಡಿಗೆ ಮಾಡಿ ನಿಧಾನವಾಗಿ ಉಣ್ಣಿ' ಎಂಬ ಉಪದೇಶದ ಅರ್ಥವೇನು? ಗಂಡಸು ನಿಧಾನವಾಗಿ ಉಣ್ಣಲು ಹೆಂಗಸು ಇನ್ನಷ್ಟು ಅವಸರದಲ್ಲಿ ದುಡಿಯಬೇಕು ಎಂದೇ? ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಮೂಲೆ ಸೇರಿತು. ಗ್ಯಾಸು ಬಂತು, ಹೊಗೆ ಕಡಿಮೆಯಾಯಿತು. ಉಳಿದ ಹೊತ್ತು ಅವಳಿಗೆ ಸಿಕ್ಕಿತೇ? ಆ ಹೊತ್ತನ್ನು ಇನ್ನೊಂದು ಕೂಲಿ ನುಂಗಿತು. ಎಲ್ಲರಿಗೂ ಬಡಿಸಿ ತಳ ಕೆರೆದು, ತಣ್ಣಗಾದ ಮೇಲೆ ಒಬ್ಬಳೇ ಉಣ್ಣುವ ಅವ್ವನೇ ನಮ್ಮ ಮನೆಗಳ ಒಳಗಿನ ಹಿತ್ತಲ ಬಾಗಿಲು. ಪಂಕ್ತಿಭೇದದ ವಿರುದ್ಧ ಭಾಷಣ ಮಾಡುವವರು ಮೊದಲು ಆ ಬಾಗಿಲು ಕೀಳಬೇಕು. ಸಮಾನತೆ ರೊಟ್ಟಿ ಬಡಿಯುವ ಕಲ್ಲಿನ ಹತ್ತಿರವೂ ಬರಬೇಕು. ಗಂಡುಮಕ್ಕಳ ಕೈಗೂ ಹಿಟ್ಟು ಮೆತ್ತಬೇಕು.

ಈಗ ಏನು?

ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವ ಕೆಲಸ ನಡೆದಿದೆ. 2023ರಲ್ಲಿ ನಮ್ಮ ಕರ್ನಾಟಕವೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಎಂಬ ಮಿತಿ ಇಟ್ಟುಕೊಂಡೇ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 1919ರಲ್ಲಿ ಪರಕೀಯರು ನಮಗೆ ಬರೆದದ್ದು 60, ಸ್ವಂತದವರು ಕೇಳುತ್ತಿರುವುದು 70! 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ, 1952ರ ಆ ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತಿವೆ. ಅವುಗಳ ನಿಯಮಗಳನ್ನು ಒಂದೊಂದೇ ಸಾಲು ಓದುವ ಕೆಲಸ ನಮ್ಮ ಓದಿದ ಹುಡುಗರದು. ಬಿಡುವು ಎಷ್ಟು, ಯಾವಾಗ, ಗುತ್ತಿಗೆಯವರಿಗೂ ಉಂಟೋ ಇಲ್ಲವೋ ಎಂದು ಕೇರಿಯಲ್ಲಿ ಕೂತು ಓದಿ ಹೇಳಬೇಕು.

ಲೆಕ್ಕ ಸುಲಭ ಇದೆ. 12 ಗಂಟೆ ದುಡಿತ, 2 ಗಂಟೆ ಹೋಗಿಬರುವುದು, 7 ಗಂಟೆ ನಿದ್ದೆ, ಒಟ್ಟು 21. ಉಳಿದ ಮೂರು ಗಂಟೆಯಲ್ಲಿ ನೀರು, ಸ್ನಾನ, ಮಕ್ಕಳು, ಕಾಯಿಲೆ, ಸಂಘದ ಸಭೆ, ಅಡಿಗೆ, ಊಟ. ಇದರಲ್ಲಿ ಯಾವುದನ್ನು ನಿಧಾನವಾಗಿ ಮಾಡೋಣ, ಹೇಳಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. 2001ರ ಸುಪ್ರೀಂ ಕೋರ್ಟಿನ ಆದೇಶದ ನಂತರ, 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಬಳ್ಳಾರಿಯೂ ಸೇರಿದ ಈಶಾನ್ಯದ ಜಿಲ್ಲೆಗಳಲ್ಲಿ. ಎಲ್ಲ ಜಾತಿಯ ಮಕ್ಕಳು ಒಂದು ಸಾಲಿನಲ್ಲಿ ಕೂತು ಬಿಸಿ ಉಣ್ಣುವುದು ಈ ನಾಡಿನ ಸಣ್ಣ ಕ್ರಾಂತಿ. ಅಲ್ಲಿಯೂ ದಲಿತ ಹೆಂಗಸು ಬೇಯಿಸಿದರೆ ಉಣ್ಣೆವು ಎಂದ ಊರುಗಳಿವೆ. ಆ ಸಾಲನ್ನು ಕಾಯುವವರು ನೀವು. ಗಂಟೆ ನಿಮ್ಮ ಕೈಯಲ್ಲಿದೆ. ಮಕ್ಕಳ ಕೊನೆಯ ತುತ್ತು ಇಳಿಯುವವರೆಗೆ ಗಂಟೆ ಬಾರಿಸಬೇಡಿ. ನಾಳೆ ಅವರು ಗಣಿಗೋ ಗಾರ್ಮೆಂಟಿಗೋ ಹೋಗಿ ನಿಂತಾಗ, ಉಣ್ಣುವ ಹೊತ್ತು ತಮ್ಮ ಹಕ್ಕು ಎಂಬ ನೆನಪು ಅವರ ನಾಲಗೆಯಲ್ಲಿ ಉಳಿದಿರಬೇಕು.

ನಮ್ಮ ಬೇಡಿಕೆಗಳಲ್ಲಿ ಭೂಮಿ ಇದೆ, ಕೂಲಿ ಇದೆ, ಅಕ್ಷರ ಇದೆ, ಮಾನ ಇದೆ. ಅವುಗಳ ಪಕ್ಕದಲ್ಲಿ ಇದನ್ನೂ ಬರೆಯಿರಿ: ದುಡಿದ ಮನುಷ್ಯ, ಗಂಡಾಗಲಿ ಹೆಣ್ಣಾಗಲಿ, ತನ್ನ ಮನೆಯಲ್ಲಿ ತಾನು ಬೇಯಿಸಿದ್ದನ್ನು ತನ್ನ ಮಕ್ಕಳ ಜೊತೆ ಬಿಸಿಯಾಗಿ ಕೂತು ಉಣ್ಣುವಷ್ಟು ಹೊತ್ತು. ಲೋಖಂಡೆಯವರು ಅರ್ಧ ಗಂಟೆ ತಂದರು, ಬಾಬಾಸಾಹೇಬರು ವಾರಕ್ಕೆ ಆರು ಗಂಟೆ ಬಿಡಿಸಿದರು. ಉಳಿದದ್ದನ್ನು ಬಿಡಿಸುವ ಸರದಿ ನಮ್ಮದು.